ನೀರಿನ ಬಿಸಿ ನೋಡುತ್ತಿದ್ದ ಕಾಲು

ಸೀಗಿ ಹುಣ್ಣಿಮೆಗೆ ಇನ್ನು ಮೂರು ದಿನ. ಬೆಳಗಿನ ಆರು ಗಂಟೆ. ಬಸವಕಲ್ಯಾಣಕ್ಕೆ ಹೊರಳುವ ಸಸ್ತಾಪುರ ಬಂಗ್ಲೆಯ ಹತ್ತಿರ, ಹೆದ್ದಾರಿಯ ಪಕ್ಕದ ತಗಡಿನ ನೆರಳಿನಲ್ಲಿ ಇದ್ದವರು ಮೂವರು: ನಾನು, ಮಂಠಾಳದ ನಾಗಮ್ಮ, ಮತ್ತು ಹಿಂದಿನ ಸಂಜೆ ಹುಮನಾಬಾದ್ ಬಿಟ್ಟು ನಡೆದು ಬಂದಿದ್ದ ಒಬ್ಬ ಮುದುಕಿ. ಹಂಡೆಯಲ್ಲಿ ನೀರು ಕಾದಿತ್ತು. ಗಾರೆ ಕೆಲಸದವರು ತಲೆಯ ಮೇಲೆ ಹೊರುವ ಅಗಲವಾದ ಕಬ್ಬಿಣದ ಘಮೇಲಾದಲ್ಲಿ ಬಿಸಿನೀರು, ತಣ್ಣೀರು ಬೆರೆಸಿ ಇಟ್ಟಿದ್ದೆವು. ಬೆಂಚಿನ ಮೇಲೆ ಕುಳಿತ ಮುದುಕಿ ಕಾಲು ಎತ್ತಿದಳು, ಇಳಿಸಲಿಲ್ಲ.

"ನೀರು ನೋಡಾವ ಎಲ್ಲಿ?" ಎಂದು ಕೇಳಿದಳು.

ನಾಗಮ್ಮ ನನ್ನ ಮುಖ ನೋಡಿದಳು. ಉತ್ತರ ಇಬ್ಬರಿಗೂ ಗೊತ್ತಿತ್ತು. ಯಾರು ಹೇಳಬೇಕು ಎಂಬುದು ಮಾತ್ರ ತೀರ್ಮಾನವಾಗಿರಲಿಲ್ಲ. ಕೊನೆಗೆ ಅವಳೇ ಹೇಳಿದಳು: "ಅವರು ಇಲ್ಲಬೇ ಅವ್ವಾ. ಮಳಿಗಾಲದಾಗ ಹೋದ್ರು."

ನಾನು ಬಗ್ಗಿ, ಸೆರಗು ಸಿಕ್ಕಿಸಿಕೊಂಡು, ಮೊಳಕೈ ಅದ್ದಿ ನೋಡಿದೆ. ಸರಿಯಾಗಿತ್ತು. "ಇಡ್ರಿ" ಎಂದೆ. ಮುದುಕಿ ಇಟ್ಟಳು. ಆದರೆ ನಂಬಿಕೆ ಸಾಲದೆ, ಬೆರಳ ತುದಿಯಿಂದ ಶುರು ಮಾಡಿದಳು.

ನೀರು ನೋಡುವವನು ಎಂದು ಈ ದಾರಿಯಲ್ಲಿ ಹೆಸರಾಗಿದ್ದವನು ಮಾಣಿಕಪ್ಪ, ನಾಗಮ್ಮನ ಗಂಡ. ಆಡು ಮೇಯಿಸುವುದು ಅವನ ಕಸುಬು. ತುಳಜಾಪುರದ ಅಂಬಾಭವಾನಿಗೆ ಹರಕೆ ಹೊತ್ತವರು ಸೀಗಿ ಹುಣ್ಣಿಮೆಯ ಹೊತ್ತಿಗೆ ಮುಟ್ಟುವಂತೆ ಈ ಹೆದ್ದಾರಿ ಹಿಡಿದು ಬರಿಗಾಲಲ್ಲಿ ನಡೆಯುತ್ತಾರೆ. ಆ ಕೆಲವು ದಿನ ಮಾಣಿಕಪ್ಪ ಆಡುಗಳನ್ನು ಅಣ್ಣನಿಗೆ ಒಪ್ಪಿಸಿ ಇಲ್ಲಿಗೆ ಬರುತ್ತಿದ್ದ. ದಾರಿಯುದ್ದಕ್ಕೂ ಜನ ಯಾತ್ರಿಕರಿಗೆ ಚಹಾ ಕೊಡುತ್ತಾರೆ, ಬಾಳೆಹಣ್ಣು ಕೊಡುತ್ತಾರೆ, ಉಪ್ಪಿಟ್ಟು ಕೊಡುತ್ತಾರೆ. ಮಾಣಿಕಪ್ಪ ಕಾಲು ತೊಳೆಯುತ್ತಿದ್ದ. "ಹೊಟ್ಟಿ ನೋಡಾವ್ರು ಭಾಳ ಮಂದಿ ಅದಾರರಿ. ನಾ ತಳಗಿನ ಖಾತೆ ತಗೊಂಡೀನಿ" ಎನ್ನುತ್ತಿದ್ದ.

ಅವನ ಬಲಗಾಲು ಇಳಿಯದೆ ಯಾರ ಕಾಲೂ ಆ ಘಮೇಲಾಕ್ಕೆ ಇಳಿಯುವಂತಿರಲಿಲ್ಲ. ಧೋತರ ಮೊಣಕಾಲಿನ ತನಕ ಏರಿಸಿ, ಕಾಲನ್ನು ಮೊದಲು ಬೇರೆ ನೀರಿನಲ್ಲಿ ತೊಳೆದುಕೊಂಡು, ಆಮೇಲೆ ಘಮೇಲಾದಲ್ಲಿ ಇಟ್ಟು, ಒಂದು ಕಣ್ಣು ಮುಚ್ಚಿ ಆಕಾಶ ನೋಡುತ್ತಿದ್ದ. ಅಡುಗೆಯವರು ಸಾರಿನ ಉಪ್ಪು ನೋಡುವಾಗ ಮುಖ ಹಾಗೆ ಮಾಡುತ್ತಾರೆ. "ಜರಾ ಸಿಟ್ಟು ಅದ ನೀರಿಗಿ, ತಣ್ಣಂದು ಹಾಕು" ಎನ್ನುವನು. ಇಲ್ಲವೆ "ಹಾಂ, ಬರೊಬ್ಬರಿ. ಬರ್ರಿ ಅವ್ವಾ, ದೇವಿ ಕಾಲು ತರ್ರಿ" ಎನ್ನುವನು. ಕೈಯಿಂದ ನೋಡಬಾರದೇ ಎಂದು ಒಮ್ಮೆ ಕೇಳಿದೆ. "ಕೈ ಬಿಸಿ ಚಾ ಕಪ್ಪು ಹಿಡ್ದು ಹಿಡ್ದು ಕೆಟ್ಟು ಹೋಗ್ಯಾವರಿ ಬಾಯಾರ. ಅವಕ್ಕೇನು ತಿಳೀತದ?" ಎಂದ. ನಮ್ಮ ಕಡೆ ಶಾಲೆಯ ಶಿಕ್ಷಕಿಯನ್ನೂ ದವಾಖಾನೆಯ ನರ್ಸನ್ನೂ ಬಾಯಾರು ಎಂದೇ ಕರೆಯುತ್ತಾರೆ. ನಾನು ನರ್ಸು.

ಅವನನ್ನು ಮೊದಲು ಕಂಡದ್ದು ಹುಮನಾಬಾದಿನ ದವಾಖಾನೆಯಲ್ಲಿ. ಅಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಕೋಣೆ ನನ್ನ ವಶದಲ್ಲಿತ್ತು. ಎಂಟು ಗಂಟೆಗೆ ಬಾಗಿಲು ತೆರೆಯಬೇಕು, ಚಿಮಟಾ, ಕತ್ತರಿಯ ಸಾಮಾನು ಕುದಿದಿರಬೇಕು, ಸಾಲು ನೇರವಾಗಿರಬೇಕು. ಮಾಣಿಕಪ್ಪ ಹಿಮ್ಮಡದಲ್ಲಿ ಜಾಲಿಮುಳ್ಳು ಮುರಿಸಿಕೊಂಡು ಬಂದಿದ್ದ. ಸ್ಟೂಲಿನ ಮೇಲೆ ಕಾಲಿಡು ಎಂದರೆ ನೆಲದ ಮೇಲೆ ಕುಳಿತು ಕಾಲನ್ನು ತೊಡೆಯ ಕೆಳಗೆ ಮುಚ್ಚಿಟ್ಟುಕೊಂಡ.

"ನಿಮ್ ಕೈಲಿಂದ ಕಾಲು ಹಿಡಿಸ್ಕೋಬೇಕೇನ್ರಿ ಬಾಯಾರ? ನೀವು ನನಕಿಂತ ಹಿರೇರು. ಪಾಪ ಹತ್ತತದ ನನಗ. ಆ ಚಿಮಟಾ ಇಲ್ಲಿ ಕೊಡ್ರಿ, ನಾನೇ ತಗೋತೀನಿ."

"ಚಿಮಟಾ ದವಾಖಾನೀದು, ಕಾಲು ನಿಂದು. ಎರಡೂ ಈಗ ನನ್ನ ಮುಂದ ಇರಬೇಕು. ಹಿಂದ ಮಂದಿ ನಿಂತಾರ, ಏಳು."

ಎದ್ದ. ಮುಳ್ಳು ಬಂತು. ಪಟ್ಟಿ ಕಟ್ಟಿ ಮುಂದಿನವರನ್ನು ಕರೆಯುವಷ್ಟರಲ್ಲಿ ಅವನು ಬಗ್ಗಿ ನನ್ನ ಬಿಳಿ ಬೂಟುಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಇದು ಯಾಕಪ್ಪ ಎಂದೆ. "ಈಗ ಸಮಾ ಆಯ್ತರಿ" ಎಂದು ಕುಂಟುತ್ತ ಹೋದ. ಆಮೇಲೆ ಎಷ್ಟು ಸಲ ಬಂದನೋ ಅಷ್ಟು ಸಲವೂ ಹಾಗೆಯೇ ಮಾಡಿದ. ನಾನು ಅವನ ಕಾಲು ಮುಟ್ಟಿದರೆ ಅವನು ನನ್ನ ಕಾಲು ಮುಟ್ಟದೆ ಕೋಣೆ ಬಿಡುತ್ತಿರಲಿಲ್ಲ. ಸಮಯ ಹಾಳು ಎಂದು ಬೈದೆ. ಬೈಗುಳ ಕೇಳಿಸಿಕೊಳ್ಳುತ್ತಲೇ ಬಗ್ಗುತ್ತಿದ್ದ.

ನಾನು ನಿವೃತ್ತಳಾಗಿ ಬಸವಕಲ್ಯಾಣದ ಮನೆಗೆ ಬಂದ ವರ್ಷ, ಹುಡುಕಿಕೊಂಡು ಬಂದು ಯಾತ್ರಿಕರ ಸೇವೆಗೆ ಕರೆದ. ನನ್ನ ಷರತ್ತು ಹೇಳಿದೆ. ಪ್ರತಿಯೊಬ್ಬರಿಗೂ ಹೊಸ ನೀರು. ಒಬ್ಬರ ಟವೆಲು ಇನ್ನೊಬ್ಬರಿಗಿಲ್ಲ. ಗಾಯದ ಮೇಲೆ ಅರಿಶಿಣ, ಸುಣ್ಣ, ಬೀಡಿಯ ಬೂದಿ ಯಾವುದೂ ಬೀಳಕೂಡದು. ಎಲ್ಲಕ್ಕೂ ಹ್ಞೂಂ ಎಂದ. ಒಂದಕ್ಕೆ ಮಾತ್ರ ವಾದ ಮಾಡಿದ. ಕಾಲು ಉಳುಕಿದವರು ಬಂದರೆ ಪಾದ ಹಿಡಿದು ಎಳೆದು ತಿರುವಿ ಸದ್ದು ಬರಿಸುವುದು ಅವನಿಗೆ ಇಷ್ಟವಾದ ಕೆಲಸ. ಆಡಿನ ಮರಿಗಳಿಗೆ ಮಾಡಿ ಮಾಡಿ ಕೈ ಕುದುರಿತ್ತು. ನಾನು ಒಪ್ಪಲಿಲ್ಲ. ಉಳುಕು ಯಾವುದು, ಎಲುಬು ಬಿರಿದದ್ದು ಯಾವುದು ಎಂದು ಹೊರಗಿನಿಂದ ನಿನಗೂ ತಿಳಿಯದು, ನನಗೂ ತಿಳಿಯದು. ಬಾವು ಬಂದ ಕಾಲನ್ನು ಎತ್ತಿ ಇಡಬೇಕು, ತಣ್ಣನೆಯ ಬಟ್ಟೆ ಸುತ್ತಬೇಕು, ಹೆಜ್ಜೆ ಊರಲಾರದವರನ್ನು ದವಾಖಾನೆಗೆ ಕಳಿಸಬೇಕು ಎಂದೆ. ಸ್ವಲ್ಪ ಹೊತ್ತು ಗಡ್ಡ ತುರಿಸಿಕೊಂಡು ರಾಜಿಗೆ ಬಂದ.

"ಆಯ್ತ್ರಿ. ತೊಗಲು ನಂದು, ಎಲುವು ನಿಮ್ದು."

ಆ ಒಪ್ಪಂದವನ್ನು ಅವನು ಮುರಿಯಲಿಲ್ಲ.

ಬಂದವರಿಗೆ ನೀರಿಗಿಂತ ಅವನ ಮಾತೇ ಹೆಚ್ಚು ಹಿತವಾಗುತ್ತಿತ್ತೋ ಏನೋ. ಹೊಸ ಬೂಟು ಕಡಿದು ಬೊಬ್ಬೆ ಎದ್ದು, ಆ ಬೂಟನ್ನು ಕೊರಳಿಗೆ ತೂಗಿಕೊಂಡು ಬಂದ ಹುಡುಗನಿಗೆ, "ಏ ತಮ್ಮಾ, ಹರಕಿ ಬೂಟಿಂದೇನು? ಅವು ಆರಾಮ ಹೊಂಟಾವ, ನೀ ಹೊತ್ಕೊಂಡು ಹೊಂಟಿ!" ಎಂದಿದ್ದ. ಎರೆಹೊಲದಂತೆ ಹಿಮ್ಮಡ ಬಿರಿದ ಹೆಂಗಸೊಬ್ಬಳಿಗೆ, "ಅವ್ವಾ, ಇದರಾಗ ಬಿಳಿ ಜ್ವಾಳ ಬಿತ್ತಬಹುದು ನೋಡು" ಎಂದ. ಅವಳು, "ಬಿತ್ತಪ್ಪಾ, ಕಳೆ ತಗಿಯಾಕೂ ನೀನೇ ಬಾ" ಎಂದಳು. ಇಬ್ಬರೂ ನಕ್ಕರು. ನಗುತ್ತಲೇ ಬಿರುಕಿನೊಳಗಿನ ಹರಳುಗಳನ್ನು ನೀರಿನಲ್ಲಿ ಬಿಡಿಸಿದ. ಬೊಬ್ಬೆ ಒಡೆಯಬಾರದು ಎಂದು ನಾನು ಹೇಳಿದರೆ ಯಾರೂ ಕೇಳುತ್ತಿರಲಿಲ್ಲ. "ಅದು ದೇವಿ ಕಟ್ಟಿದ ಪಟ್ಟಿ, ಬಿಚ್ಚಬ್ಯಾಡ" ಎಂದು ಅವನು ಹೇಳಿದರೆ ಕೇಳುತ್ತಿದ್ದರು. ನನಗೆ ಬೊಬ್ಬೆ ಒಡೆಯದಿದ್ದರೆ ಆಯಿತು.

ಎರಡು ವರ್ಷದ ಹಿಂದೆ, ಇದೇ ದಿನಗಳಲ್ಲಿ, ಮಧ್ಯಾಹ್ನ. ದುಬಲಗುಂಡಿಯ ಕಡೆಯಿಂದ ಕೂಲಿ ಕೆಲಸದ ಅಕ್ಕತಂಗಿಯರಿಬ್ಬರು ಬಂದು ಕುಳಿತಿದ್ದರು. ನಾನು ಅತ್ತ ಮುಖ ಮಾಡಿ ಬೇರೊಬ್ಬರ ಹೆಬ್ಬೆರಳಿಗೆ ಪಟ್ಟಿ ಕಟ್ಟುತ್ತಿದ್ದೆ. ಹಿಂದಿನಿಂದ ಮಾಣಿಕಪ್ಪನ ದನಿ ಕೇಳುತ್ತಿತ್ತು. "ನಾಗಿ, ತಣ್ಣಗ ಅದ, ಬಿಸಿ ಹಾಕು." ನಾಗಮ್ಮ ಹಾಕಿದಳು. "ಇನ್ನೊಂದು ತಂಬಗಿ." ಹಾಕಿದಳು. "ಏನು ಜಿಪುಣತನ ಮಾಡ್ತಿ, ನೀರಿಗೂ? ಹಾಕು." ಆಮೇಲೆ, "ಹಾಂ, ಬರೊಬ್ಬರಿ. ಬರ್ರಿ."

ತಂಗಿ ಚೀರಿದಳು. ನಾನು ತಿರುಗುವಷ್ಟರಲ್ಲಿ ಅವಳು ಕಾಲು ಎಳೆದುಕೊಂಡಿದ್ದಳು. ಬೆರಳುಗಳಷ್ಟೇ ಕೆಂಪಾಗಿದ್ದವು. ತಣ್ಣೀರಿನ ಕೊಡ ಎತ್ತಿ ಅವುಗಳ ಮೇಲೆ ಸುರಿಯುತ್ತ ಕುಳಿತೆ. ಅಕ್ಕ ಎದ್ದು ನಿಂತು ಬೈಯತೊಡಗಿದಳು: "ಏನ್ ಮನಶ್ಯಾ ಇದ್ದೀಯೋ! ಕೋಳಿ ಪುಚ್ಚ ಕೀಳಾ ನೀರಾಗ ಮಂದಿ ಕಾಲು ಹಾಕಿಸ್ತೀ? ಪುಣ್ಯಾ ಮಾಡಾಕ ಕುಂತಾನಂತ, ಪುಣ್ಯಾ!"

ಮಾಣಿಕಪ್ಪನ ಬಲಗಾಲು ಇನ್ನೂ ಘಮೇಲಾದಲ್ಲಿಯೇ ಇತ್ತು. ಅದರ ಸುತ್ತ ಆವಿ ಏಳುತ್ತಿತ್ತು.

"ಉಗುರುಬೆಚ್ಚಗ ಅದಲ್ರಿ ಬಾಯಾರ" ಎಂದ, ನನ್ನ ಕಡೆ ನೋಡಿ.

"ಕಾಲು ತಗಿ."

"ಖರೆ ಹೇಳಾಕತ್ತೀನ್ರಿ, ಉಗುರುಬೆಚ್ಚಗ..."

"ಮಾಣಿಕಪ್ಪ, ಮೊದಲ ಕಾಲು ತಗಿ."

ತೆಗೆದ. ಕಾಲಿನ ಹರಡಿನ ತನಕ ಕೆಂಪಾಗಿತ್ತು. ಪಾದದ ಮೇಲಿನ ತೊಗಲು ಕುದಿಸಿದ ಬಟಾಟೆಯ ಸಿಪ್ಪೆಯಂತೆ ಸುಕ್ಕಾಗಿ ಒಂದು ಕಡೆ ಜಾರಿತ್ತು. ಅವನು ಬೇರೆ ಯಾರದೋ ಕಾಲನ್ನು ನೋಡುವಂತೆ ಅದನ್ನು ನೋಡಿದ. ಆಮೇಲೆ ಕಾಲು ಸುಟ್ಟವಳ ಮುಂದೆ ಕುಳಿತು, "ತಂಗೀ, ತಪ್ಪಾಯ್ತವ್ವ" ಎಂದು ನೆಲಕ್ಕೆ ಹಣೆ ಮುಟ್ಟಿಸಿದ. ಅಕ್ಕನಿಗೆ ಆಗ ಅವನ ಕಾಲು ಕಂಡಿತು. ಬೈಗುಳ ಅಲ್ಲಿಗೇ ನಿಂತಿತು. ತಂಗಿಯೇ ನನ್ನ ಕೈಯಿಂದ ಕೊಡ ಕಸಿದುಕೊಂಡು ಅವನ ಕಾಲಿನ ಮೇಲೆ ನೀರು ಸುರಿದಳು.

ಮರುದಿನ ಬೆಳಿಗ್ಗೆ ನಮ್ಮ ಮನೆಯ ಪಡಸಾಲೆಯಲ್ಲಿ ಕೂರಿಸಿ ಕಣ್ಣು ಮುಚ್ಚಿಸಿದೆ. ಹತ್ತಿಯ ಎಳೆಯಿಂದ ಎಡಗಾಲಿನ ಬೆರಳುಗಳನ್ನು ಮುಟ್ಟುತ್ತೇನೆ, ಯಾವ ಬೆರಳು ಎಂದು ಹೇಳು ಎಂದೆ. "ಹೆಬ್ಬಟ್ಟರಿ" ಎಂದ. "ಈಗ ನಡುವಿಂದು." "ಈಗ ಕಿರುಬಟ್ಟು." ಒಳ್ಳೆಯ ವಿದ್ಯಾರ್ಥಿಯಂತೆ ಉತ್ಸಾಹದಿಂದ ಹೇಳುತ್ತಿದ್ದ. ನಾನು ಇನ್ನೂ ಮುಟ್ಟಿಯೇ ಇರಲಿಲ್ಲ; ಹತ್ತಿ ನನ್ನ ಕೈಯಲ್ಲೇ ಇತ್ತು. ಬಾಗಿಲಲ್ಲಿ ನಿಂತಿದ್ದ ನಾಗಮ್ಮ ಅದನ್ನು ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ರಕ್ತ ನೋಡಿಸಿದರೆ ಸಕ್ಕರೆ ಬಹಳ ಏರಿತ್ತು. ಎಷ್ಟೋ ವರ್ಷದಿಂದ ಇದ್ದಿರಬೇಕು. ಮೊದಲು ಕಾಲಿನಲ್ಲಿ ಏನೂ ಆಗಿರಲಿಲ್ಲವೇ ಎಂದು ಕೇಳಿದೆ. ಆಗಿತ್ತಂತೆ. "ಇರುವಿ ಹರದಂಗ ಆಗ್ತಿತ್ತರಿ. ಉರೀತಿತ್ತು, ಮಲಗಾಕ ಬಿಡ್ತಿರಲಿಲ್ಲ. ಅಂಬಾಬಾಯಿಗಿ ಬೇಡ್ಕೊಂಡೆ, ಇಷ್ಟ ಮಂದಿ ಕಾಲು ತೊಳೀತೀನಿ, ನನ್ನ ಕಾಲಿಂದೊಂದು ತಕಲೀಫ್ ಕಳೀ ತಾಯಿ ಅಂತ. ಆಮ್ಯಾಲ ಒಂದಿನ ಪೂರಾ ಆರಾಮ ಆಯ್ತರಿ. ಇರುವಿ ಇಲ್ಲ, ಉರಿ ಇಲ್ಲ. ಪೇಡೆ ಹಂಚೀನಿ ಊರಾಗ."

ಉರಿ ನಿಂತದ್ದು ಕಾಲು ಗುಣವಾಗಿ ಅಲ್ಲ, ನರ ಸತ್ತು. ಸಾವಿರಾರು ಕಾಲು ನೋಡಿದ ಮನುಷ್ಯ ತನ್ನ ಕಾಲು ಮರಗಟ್ಟಿದ್ದನ್ನು ವರ ಎಂದು ತಿಳಿದು ಪೇಡೆ ಹಂಚಿದ್ದ. ವಿಷಯವನ್ನು ನಾನು ಬಿಡಿಸಿ ಹೇಳಿದೆ. ರೋಗಿಗಳಿಗೆ ಹೇಳಬೇಕಾದ್ದನ್ನು ಹೇಳಿಯೇ ತೀರಬೇಕು ಎಂದು ನನಗೆ ಕಲಿಸಿದ್ದಾರೆ. ಅವನು, "ಅಂದ್ರ ಎಷ್ಟ ದಿನದಿಂದ ನಾ ಸುಳ್ಳ ನೀರು ನೋಡಾಕತ್ತೀನ್ರಿ?" ಎಂದು ಕೇಳಿದ. ಸುಟ್ಟ ಕಾಲಿನ ಬಗ್ಗೆ ಅವನು ಕೇಳಿದ ಪ್ರಶ್ನೆ ಅದೊಂದೇ.

ಅಂದಿನಿಂದ ಪಟ್ಟಿ ಕಟ್ಟಿಸಿಕೊಳ್ಳಲು ನಾಗಮ್ಮನ ಜೊತೆ ಮಂಠಾಳದಿಂದ ಬೆಳಗಿನ ಬಸ್ಸಿಗೆ ನಮ್ಮ ಮನೆಗೆ ಬರುತ್ತಿದ್ದ. ನಾನು ಏಳಕ್ಕೆ ಸಾಮಾನು ಕುದಿಸಿ ಇಡುತ್ತಿದ್ದೆ. ಗಾಯದ ಮೇಲೆ ಭಾರ ಹಾಕಬೇಡ, ಆಡಿನ ಹಿಂದೆ ಹೋಗಬೇಡ ಎಂದು ದಿನವೂ ಹೇಳಿದೆ. ಹ್ಞೂಂ ಎನ್ನುತ್ತಿದ್ದ. ಪಟ್ಟಿಗೆ ಉತ್ತರಾಣಿಯ ಮುಳ್ಳು ಅಂಟಿರುತ್ತಿತ್ತು. "ಇದು ಮನೆಯೊಳಗ ಬೆಳದದೇನು?" ಎಂದರೆ ನಾಗಮ್ಮನ ಕಡೆ ನೋಡಿ, "ಈಕಿ ಕಸಾ ಹೊಡೆಯಾದೇ ಇಲ್ರಿ" ಎನ್ನುವನು. ಪಟ್ಟಿ ಮುಗಿದ ಕೂಡಲೆ ಗೋಡೆ ಹಿಡಿದು ಬಗ್ಗಿ ನನ್ನ ಬೂಟು ಮುಟ್ಟುವನು. ಒಂದೇ ಆಸೆ ಅವನಿಗೆ. "ಮುಂದಿನ ಹುಣ್ಣಿಮಿಗಿ ಘಮೇಲಾದ ಮುಂದ ಎರಡೂ ಕಾಲ ಮ್ಯಾಲ ನಿಂದಿರಬೇಕು ಬಾಯಾರ. ಅಷ್ಟು ಮಾಡ್ರಿ."

ಮೇಲಿನ ಸುಟ್ಟ ಗಾಯ ಮಾಯುತ್ತ ಬಂತು. ಆದರೆ ಅಂಗಾಲಿನಲ್ಲಿ, ಹೆಬ್ಬೆರಳಿನ ಬುಡಕ್ಕೆ, ನಡೆದು ನಡೆದು ಆದ ಸಣ್ಣ ತೂತು ಮುಚ್ಚಲಿಲ್ಲ. ವಾಸನೆ ಶುರುವಾದ ದಿನವೇ ನಾನು ಅವನನ್ನು ಕಲಬುರಗಿಗೆ ಕರೆದುಕೊಂಡು ಹೋದೆ. ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ನನಗೆ ತೋರಿಸಿದರು. ಮಾಣಿಕಪ್ಪ ಹಾಳೆ ನೋಡಲಿಲ್ಲ, ನನ್ನನ್ನು ನೋಡಿದ.

"ಎಲುವಿಗಿ ಬಂದದೇನ್ರಿ?"

"ಬಂದದ."

"ಅಂದ್ರ ನಿಮ್ ಪಾಳಿ ಬಂತು ಅನ್ರಿ."

ಮೊದಲು ಬೆರಳು ಹೋಯಿತು. ಬೇಸಿಗೆ ಮುಗಿಯುವಷ್ಟರಲ್ಲಿ ಮೊಣಕಾಲಿನ ಕೆಳಗಿನ ಕಾಲು ಹೋಯಿತು. ನಾನು ಅಲ್ಲಿಯೇ ಇದ್ದೆ. ನಾಗಮ್ಮನನ್ನು ಹೊರಗೆ ಕೂರಿಸಿ, ಚಹಾ ಕುಡಿಸಿ, ಸಹಿ ಮಾಡುವ ಜಾಗ ತೋರಿಸಿ, ಮಾಡಬೇಕಾದ್ದನ್ನೆಲ್ಲ ಕ್ರಮವಾಗಿ ಮಾಡಿದೆ. ಮನೆಗೆ ಬಂದು, ಅವನು ಕಾಲಿಡುತ್ತಿದ್ದ ಪಡಸಾಲೆಯ ಸ್ಟೂಲನ್ನು ಒಳಗಿಟ್ಟೆ. ಮರುದಿನ ಬೆಳಿಗ್ಗೆ ಏಳಕ್ಕೆ ಸಾಮಾನು ಕುದಿಯಲು ಇಟ್ಟ ಮೇಲೆ ನೆನಪಾಯಿತು, ಅವನು ಬರುವುದಿಲ್ಲ ಎಂದು.

ಆದರೂ ಹೋದ ವರ್ಷದ ಸೇವೆಗೆ ಬಂದ. ಊರುಗೋಲು ಬಗಲಿಗೆ ಒತ್ತಿಕೊಂಡು ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತ. ಎಡಗಾಲಿನಿಂದ ನೀರು ನೋಡಲು ಹೊರಟವನನ್ನು ತಡೆದೆ. ಆ ಕಾಲೂ ಅಷ್ಟೇ ಮರಗಟ್ಟಿತ್ತು. ಮೊಳಕೈ ಅದ್ದು ಎಂದೆ. "ಕೂಸಿಗಿ ಎರಿಯಾಕತ್ತೀವೇನ್ರಿ?" ಎಂದು ಮುಖ ಸಣ್ಣ ಮಾಡಿದ. ಅದ್ದಿದ. ಅದ್ದಿದ ಮೇಲೂ ನಾಗಮ್ಮನನ್ನು ಕರೆದು, "ನೀನೂ ಒಮ್ಮೆ ನೋಡು" ಎಂದ. ಪ್ರತಿ ಸಲ ಹಾಗೇ. ತನ್ನ ಮೈಯ ಮಾತನ್ನು ಅವನು ಮತ್ತೆ ನಂಬಲಿಲ್ಲ.

ಪರಿಚಯದ ಯಾತ್ರಿಕರು ಮಡಚಿದ ಧೋತರವನ್ನು ನೋಡಿ ಬೇರೆ ಕಡೆ ಮುಖ ತಿರುಗಿಸಿದರೆ ಅವನೇ ಕರೆದು ಹೇಳುತ್ತಿದ್ದ: "ಒಂದು ಕಾಲು ಮುಂದ ಕಳಸೀನ್ರಿ. ಬಸ್ಸಿನಾಗ ಟವೆಲ್ ಹಾಕ್ತೀವಲ್ಲ, ಹಂಗ. ತುಳಜಾಪುರದಾಗ ಜಾಗಾ ಹಿಡೀಲಿ." ಅವರು ನಗಬೇಕೋ ಬೇಡವೋ ಎಂದು ನಿಲ್ಲುತ್ತಿದ್ದರು. ಅವನು ನಕ್ಕ ಮೇಲೆ ನಗುತ್ತಿದ್ದರು. ಬಗ್ಗಿ ತೊಳೆಯುವ ಕೆಲಸ ಆ ವರ್ಷ ನಾಗಮ್ಮನದಾಯಿತು. ಮಾಣಿಕಪ್ಪ ಟವೆಲುಗಳನ್ನು ಮಡಚುತ್ತ ಕುಳಿತ.

ಅವನನ್ನು ಕೊನೆಯ ಸಲ ಕಂಡದ್ದು ಈ ಬೇಸಿಗೆಯಲ್ಲಿ, ಮಂಠಾಳದ ಅವನ ಮನೆಯಲ್ಲಿ. ಎಡಹಿಮ್ಮಡದಲ್ಲಿ ಬಿರುಕು ಕಂಡಿದೆ ಎಂದು ನಾಗಮ್ಮ ಫೋನು ಮಾಡಿದ್ದಳು. ಹೋಗಿ ತೊಳೆದು, ಮುಲಾಮು ಹಚ್ಚಿ ಪಟ್ಟಿ ಸುತ್ತಿದೆ. ಮುಗಿಯಿತು. ಸಾಮಾನು ಡಬ್ಬಿಗೆ ಹಾಕುತ್ತಿದ್ದಾಗ ಅವನು ಹೊರಸಿನಿಂದ ಇಳಿಯಲು ನೋಡಿದ. ಊರುಗೋಲು ಜಾರಿತು. ಮತ್ತೆ ನೋಡಿದ. ಬಗ್ಗಲಾಗಲಿಲ್ಲ. ಅಷ್ಟೂ ವರ್ಷಗಳಲ್ಲಿ ಅವನ ಕಣ್ಣಲ್ಲಿ ನೀರು ಕಂಡದ್ದು ಆಗ.

"ಋಣ ನನ್ನ ಮ್ಯಾಲ ಉಳೀತದರಿ ಬಾಯಾರ. ನಿಮ್ ಕಾಲು ಇಲ್ಲಿ ಇಡ್ರಿ" ಎಂದು ಹೊರಸಿನ ಮೇಲೆ ಕೈ ಬಡಿದ.

ರೋಗಿಯ ಹಾಸಿಗೆಯ ಮೇಲೆ ನಾನು ಎಂದೂ ಕುಳಿತವಳೂ ಅಲ್ಲ. ಅಂದು ಕುರ್ಚಿ ಎಳೆದುಕೊಂಡೆ, ಬೂಟು ಬಿಚ್ಚಿದೆ, ಕಾಲುಚೀಲ ಬಿಚ್ಚಿದೆ, ಕಾಲನ್ನು ಅವನ ಮುಂದೆ ಇಟ್ಟೆ. ಎರಡೂ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ಕಾಲು ಬಿಡಲಿಲ್ಲ. ಹೆಬ್ಬೆರಳು ಮಡಚಿ ಅಂಗಾಲು ತಿರುಗಿಸಿ ನೋಡಿದ.

"ಇದೇನ್ರಿ ಇದು? ಇಷ್ಟ ದೊಡ್ಡ ಆಣಿ!"

ಅಂಗಾಲಿನ ತೊಗಲು ಗಟ್ಟಿಯಾಗಿ ಮೊಳೆಯಂತೆ ಒಳಗೆ ಇಳಿದಿತ್ತು. ವಾರ್ಡಿನ ನೆಲದ ಮೇಲೆ ನಿಂತು ನಿಂತು ಆದದ್ದು. ಬೂಟಿನಲ್ಲಿ ಹತ್ತಿ ಇಟ್ಟುಕೊಂಡು ನಡೆಯುತ್ತಿದ್ದೆ. ಅದು ನೋಯುತ್ತದೆ ಎಂದು ಯಾರಿಗೂ ಹೇಳಿರಲಿಲ್ಲ. ಕೇಳಿದವರೂ ಇರಲಿಲ್ಲ.

"ನೋಯಾಂಗಿಲ್ಲೇನ್ರಿ?"

"ನೋಯ್ತದ."

"ನೋಯ್ತದಲ್ಲ, ಹಂಗಾರ ಚಲೋ ಅದ" ಎಂದ. ಹೆಬ್ಬೆರಳಿನಿಂದ ಅದರ ಸುತ್ತ ಮೆಲ್ಲಗೆ ಒತ್ತಿದ. "ಇದು ತೊಗಲು. ನನ್ನ ಖಾತೆ. ಹುಣ್ಣಿಮಿಗಿ ಬರ್ತೀರಲ್ಲ, ಎಲ್ಲರದೂ ಮುಗದ ಮ್ಯಾಲ ನಿಮ್ ಕಾಲು ನೆನಿ ಹಾಕ್ತೀನಿ. ಮೆತ್ತಗಾದ್ರ ಕಲ್ಲಿಂದ ತಿಕ್ಕಿದರ ಹೋಗ್ತದ. ನಾಗಿ, ನೆನಪಿಡು."

ಮಳೆಗಾಲ ಹಿಡಿದ ಮೇಲೆ ಜ್ವರ ಬಂತು. ಎದೆಗೆ ಇಳಿಯಿತು. ನಾನು ಮಂಠಾಳ ಮುಟ್ಟುವಷ್ಟರಲ್ಲಿ ಮುಗಿದಿತ್ತು. ನಮ್ಮ ಕಡೆಯ ಪದ್ಧತಿಯಂತೆ ಬಂದವರೆಲ್ಲ ಪಾದ ಮುಟ್ಟಿ ನಮಸ್ಕರಿಸುತ್ತಿದ್ದರು. ಇದ್ದ ಒಂದೇ ಪಾದಕ್ಕೆ ಸಾಲು ನಿಂತಿತ್ತು. ನಾನೂ ಸಾಲಿನಲ್ಲಿ ನಿಂತು ಮುಟ್ಟಿದೆ. ನಾನು ಪಟ್ಟಿ ಕಟ್ಟಿದ್ದ ಹಿಮ್ಮಡದ ಬಿರುಕು ಪೂರ್ತಿ ಮಾಯ್ದಿತ್ತು. ಮುಟ್ಟಿದ ಮೇಲೂ ನಾನು ಸ್ವಲ್ಪ ಹೊತ್ತು ಅಲ್ಲಿಂದ ಸರಿಯಲಿಲ್ಲ. ಹಿಂದಿನವರು "ಬಾಯಾರ, ನಡೀರಿ" ಎಂದರು.

ಇಂದು ಸಂಜೆಯ ತನಕ ಜನ ಬರುತ್ತಲೇ ಇದ್ದರು. ನಾಗಮ್ಮ ತೊಳೆದಳು, ನಾನು ಪಟ್ಟಿ ಕಟ್ಟಿದೆ. ಇನ್ನೂ ಇಬ್ಬರು ನೀರು ನೋಡುವವನನ್ನು ಕೇಳಿದರು. ಬಿಸಿಲು ಇಳಿದ ಮೇಲೆ ಬೆಂಚು ಖಾಲಿಯಾಯಿತು. ನಾನು ಡಬ್ಬಿಯ ಮುಚ್ಚಳ ಹಾಕಿದೆ. ನಾಗಮ್ಮ ಹಂಡೆಯ ತಳದ ನೀರನ್ನು ಘಮೇಲಾಕ್ಕೆ ಬಗ್ಗಿಸಿ, ತಣ್ಣೀರು ಬೆರೆಸಿ, ಮೊಳಕೈ ಅದ್ದಿದಳು. ಇನ್ನೊಂದು ಸಲ ಅದ್ದಿದಳು.

"ಯಾರು ಬಂದ್ರು?" ಎಂದು ರಸ್ತೆಯ ಕಡೆ ನೋಡಿದೆ.

"ಯಾರಿಲ್ರಿ. ಬೂಟು ಬಿಚ್ಚರಿ. ಅವರು ಹೇಳಿ ಹೋಗ್ಯಾರ."

ಬೆಂಚಿನ ಮೇಲೆ ಕುಳಿತೆ. ಬೂಟು ಬಿಚ್ಚಿ ಜೋಡಿಸಿ ಇಟ್ಟೆ. ನೀರು ಸರಿಯಾಗಿತ್ತು. ನಾಗಮ್ಮ ಸೆರಗಿನ ಗಂಟಿನಿಂದ ಒರಟು ಕಲ್ಲೊಂದನ್ನು ತೆಗೆದು, ತೊಗಲು ಮೆತ್ತಗಾಗುವ ತನಕ ಕಾದು, ಆಣಿಯ ಮೇಲೆ ಮೆಲ್ಲಗೆ ತಿಕ್ಕತೊಡಗಿದಳು. ಮುಗಿದ ಮೇಲೆ ಒಣ ಟವೆಲಿನಿಂದ ಬೆರಳ ಸಂದುಗಳನ್ನೂ ಒರೆಸಿದಳು. ಅದು ನಾನೇ ಹಾಕಿಕೊಟ್ಟ ನಿಯಮ. ನಾನು ಎದ್ದು ಬಗ್ಗಿ ಅವಳ ಪಾದ ಮುಟ್ಟಿದೆ. "ಅಯ್ಯಯ್ಯ, ಇದೇನ್ರಿ ಬಾಯಾರ" ಎಂದು ಅವಳು ಹಿಂದೆ ಸರಿದಳು.

ಆಮೇಲೆ ಘಮೇಲಾದ ನೀರನ್ನು ಬೇವಿನ ಗಿಡದ ಬುಡಕ್ಕೆ ಚೆಲ್ಲಿ, ತಳ ಉಜ್ಜಿ, ಒರೆಸಿ, ಬೆಂಚಿನ ಕೆಳಗೆ ಬೋರಲು ಹಾಕಿದೆ.